ಚುಚ್ಚುವಾಗ ಮಗನನ್ನು ಒತ್ತಿ ಹಿಡಿಯುವವಳು ನಾನೇ, ಈಗ ಅವನು ನನ್ನ ಮುಖವನ್ನೇ ನೋಡುತ್ತಿಲ್ಲ

ಕಿಟಕಿ ಪಕ್ಕದ ಬೆಡ್:

ಮಗನಿಗೆ ಐದು ವರ್ಷ. ರಕ್ತದ ಕ್ಯಾನ್ಸರ್. ಫೈಲಿನ ಮೇಲೆ ಎ.ಎಲ್.ಎಲ್. ಅಂತ ಬರೆದಿದ್ದಾರೆ. ಮೊದಲ ಹಂತದ ಕೀಮೋ ನಡೆಯುತ್ತಿದೆ, ಇಂಡಕ್ಷನ್ ಅನ್ನುತ್ತಾರೆ. ಕಾಯಿಲೆ ಬಗ್ಗೆ ಕೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ಅದನ್ನೆಲ್ಲ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು, ಕಾಗದದ ಮೇಲೆ ಚಿತ್ರ ಬರೆದು ನಿಧಾನವಾಗಿ ಹೇಳಿದ್ದಾರೆ. ಅವರ ಹತ್ತಿರ ಕೇಳಲು ಬಾಯಿ ಬಾರದ್ದನ್ನು ಇಲ್ಲಿ ಕೇಳುತ್ತಿದ್ದೇನೆ.

ಇವನ ಕೈಯಲ್ಲಿ ನರ ಸುಲಭಕ್ಕೆ ಸಿಗುವುದಿಲ್ಲ. ಮೊದಲೇ ಸಣ್ಣ ಕೈ, ಈಗ ಚುಚ್ಚಿ ಚುಚ್ಚಿ ಅಲ್ಲಲ್ಲಿ ಕಪ್ಪುಗಟ್ಟಿದೆ. ಕ್ಯಾನುಲಾ, ಅಂದರೆ ನರದೊಳಗೆ ಇಟ್ಟಿರುವ ಸಣ್ಣ ಕೊಳವೆ, ಬದಲಿಸುವ ದಿನ ಇಬ್ಬರು ಸಿಸ್ಟರ್ ಬರುತ್ತಾರೆ. ಒಬ್ಬರು ಕೈ ಹಿಡಿಯುತ್ತಾರೆ, ಒಬ್ಬರು ಚುಚ್ಚುತ್ತಾರೆ. ಮಿಕ್ಕ ಮೈ ನನ್ನ ಪಾಲಿಗೆ. "ಅಮ್ಮಾ, ಭುಜ ಒತ್ತಿ ಹಿಡೀರಿ. ಕಾಲು ನೋಡಿ, ಒದೀತಿದಾನೆ" ಅನ್ನುತ್ತಾರೆ. ನಾನು ಬೆಡ್ಡಿನ ಮೇಲೆ ಬಾಗಿ, ನನ್ನ ಅರ್ಧ ಭಾರವನ್ನು ಅವನ ಮೇಲೆ ಬಿಟ್ಟು ಹಿಡಿಯುತ್ತೇನೆ. ಅವನ ಮುಖ ನನ್ನ ಮುಖದ ಕೆಳಗೇ ಇರುತ್ತದೆ. "ಅಮ್ಮಾ ಬಿಡ್ಸು, ಅಮ್ಮಾ ಬಿಡ್ಸು" ಅಂತ ಕಿರುಚುತ್ತಾನೆ. ಹಿಡಿದುಕೊಂಡಿರುವವಳು ನಾನು, ಬಿಡಿಸು ಅಂತ ಕರೆಯುವುದೂ ನನ್ನನ್ನೇ.

ಈಚೆಗೆ ಅದೂ ನಿಂತಿದೆ. ಈಗ "ಅಪ್ಪಾ" ಅಂತ ಕೂಗುತ್ತಾನೆ. ಅಪ್ಪ ಆ ಹೊತ್ತಿಗೆ ಕೆಲಸದಲ್ಲಿರುತ್ತಾರೆ, ಅದು ಅವನಿಗೂ ಗೊತ್ತು.

ಮುಗಿದ ಮೇಲೆ ಕಿಟಕಿ ಕಡೆ ತಿರುಗಿ ಮಲಗುತ್ತಾನೆ. ಮಾತಾಡಿಸಿದರೆ ಉತ್ತರ ಇಲ್ಲ. ವಾರ್ಡಿನ ಆಯಾ ಬಂದು ಮುಖ ಒರೆಸಿದರೆ ಸುಮ್ನೆ ಇರುತ್ತಾನೆ, ನಾನು ಒರೆಸಲು ಹೋದರೆ ಕೈ ತಳ್ಳುತ್ತಾನೆ. ರಾತ್ರಿ ಹೊದಿಕೆ ಸರಿ ಮಾಡುವಾಗ ನನ್ನ ಕೈ ಅವನ ಕಾಲಿಗೆ ತಾಗಿದರೂ ಸಾಕು, ನಿದ್ದೆಯಲ್ಲೇ ಕಾಲು ಎಳೆದುಕೊಳ್ಳುತ್ತಾನೆ. ಹಗಲು ಸಿಟ್ಟು. ಲೋಟ ಎಸೆಯುವುದು, ಡ್ರಿಪ್ ಸ್ಟ್ಯಾಂಡ್ ಒದೆಯುವುದು. ನಡುರಾತ್ರಿ ಎದ್ದು ಹಸಿವು ಅನ್ನುತ್ತಾನೆ, ತಂದುಕೊಟ್ಟರೆ ಅದು ಬೇಡ, ಬೇರೆ ಬೇಕು. ಇವನು ನನ್ನ ಮಗನಾ ಅನ್ನಿಸುವಷ್ಟು ಬೇರೆ ಥರ ಆಗಿದ್ದಾನೆ. ಮೊದಲು ಇವನು ಇರುವೆ ಸಾಲು ಕಂಡರೆ ದಾಟುವುದಕ್ಕೆ ಹಿಂದೆಮುಂದೆ ನೋಡುತ್ತಿದ್ದ ಹುಡುಗ.

ನನ್ನ ಯಜಮಾನರು, "ಚುಚ್ಚುವಾಗ ನೀನು ಹೊರಗೆ ಹೋಗಿ ನಿಂತ್ಕೋ, ಹಿಡಿಯೋದು ಅವರ ಕೆಲಸ" ಅನ್ನುತ್ತಾರೆ. ಬಾಗಿಲ ಹೊರಗೆ ನಿಂತು ಅವನ ಕಿರುಚಾಟ ಕೇಳಿಸಿಕೊಳ್ಳುವುದು ನನ್ನಿಂದ ಆಗುವ ಕೆಲಸ ಅಲ್ಲ. ಮುಂದಿನ ವಾರ ಬೆನ್ನಿಗೆ ಇಂಜೆಕ್ಷನ್ ಇದೆ. ಮನೆಯಲ್ಲಿರುವವರು ಫೋನಿನಲ್ಲಿ ಅವನಿಗೆ "ಆಯ್ತು ಪುಟ್ಟಾ, ಇನ್ನು ಇಂಜೆಕ್ಷನ್ನೇ ಇಲ್ಲ" ಅಂತ ಹೇಳುತ್ತಿದ್ದಾರೆ. ನಿಜ ಹೇಳಬೇಕಾ? ಎಷ್ಟು ಮೊದಲು ಹೇಳಬೇಕು? ನಾನು ಒಳಗಿರಬೇಕಾ, ಹೊರಗಿರಬೇಕಾ?

ಎಲ್ಲರೂ ಧೈರ್ಯವಾಗಿರು ಅನ್ನುತ್ತಾರೆ. ಧೈರ್ಯಕ್ಕೆ ಕೊರತೆ ಇಲ್ಲ. ಅದನ್ನು ಇಟ್ಟುಕೊಂಡು ಏನು ಮಾಡಬೇಕು ಅಂತ ಗೊತ್ತಾಗುತ್ತಿಲ್ಲ.

ಮಾತ್ರೆ ಡಬ್ಬಿ ಅಪ್ಪ:

ನಮ್ಮ ಮಗಳಿಗೂ ಇದೇ ಕಾಯಿಲೆ. ಈಗ ಮೇಂಟೆನೆನ್ಸ್ ಅನ್ನುವ ಕೊನೆಯ ಹಂತದಲ್ಲಿದ್ದಾಳೆ. ದಿನಾ ಮಾತ್ರೆ, ನಡುನಡುವೆ ಆಸ್ಪತ್ರೆ. ಸ್ಕೂಲಿಗೆ ಹೋಗುತ್ತಾಳೆ, ಅಕ್ಕಪಕ್ಕದವರ ಜತೆ ಜಗಳ ಆಡುತ್ತಾಳೆ. ಇದನ್ನು ಮೊದಲೇ ಯಾಕೆ ಹೇಳಿದೆ ಅಂದರೆ, ಇಂಡಕ್ಷನ್ ಹೊತ್ತಲ್ಲಿ ನನಗೆ ಇಂಥದ್ದೊಂದು ಮಾತು ಕೇಳಬೇಕಾಗಿತ್ತು.

ನಿಮ್ಮ ಬರಹ ಎರಡು ಸಲ ಓದಿದೆ. ನಿಮಗೆ ಒಂದೇ ಗಂಟು ಅನ್ನಿಸುತ್ತಿರುವುದು ನನಗೆ ಮೂರು ಬೇರೆ ಬೇರೆ ವಿಷಯ ಅನ್ನಿಸುತ್ತದೆ.

ಒಂದು, ಆ ಸಿಟ್ಟು. ಎ.ಎಲ್.ಎಲ್. ಇಂಡಕ್ಷನ್ ಅಂದರೆ ಡೆಕ್ಸಾಮೆಥಾಸೋನ್ ಅಥವಾ ಪ್ರೆಡ್ನಿಸೋಲೋನ್, ಎರಡರಲ್ಲಿ ಒಂದು ಸ್ಟಿರಾಯ್ಡ್ ಇದ್ದೇ ಇರುತ್ತದೆ. ಸುಮಾರು ನಾಲ್ಕು ವಾರ ಸತತವಾಗಿ ಕೊಡುತ್ತಾರೆ. ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದರಲ್ಲಿ ಅದರದ್ದು ದೊಡ್ಡ ಪಾಲು, ಹಾಗಾಗಿ ಬೇಡ ಅನ್ನುವ ಹಾಗಿಲ್ಲ. ಆದರೆ ನಿದ್ದೆ ಕೆಡಿಸುತ್ತದೆ. ಹಸಿವು ವಿಪರೀತ ಮಾಡುತ್ತದೆ. ಕೋಪ, ಅಳು, ಮೊಂಡುತನ ಒಂದರ ಹಿಂದೆ ಒಂದು. ಮುಖ ಗುಂಡಗಾಗುತ್ತದೆ. ತೊಡೆಯ ಶಕ್ತಿ ಕಮ್ಮಿಯಾಗಿ ನೆಲದಿಂದ ಎದ್ದೇಳಲು ಒದ್ದಾಡುತ್ತಾರೆ. ನಮ್ಮ ಮಗಳು ಒಂದು ಸಂಜೆ ನನ್ನ ಕನ್ನಡಕ ಕಿತ್ತು ಮುರಿದು, ಆಮೇಲೆ ಕನ್ನಡಕ ಮುರಿಯಿತು ಅಂತ ತಾನೇ ಬಿಕ್ಕಿ ಬಿಕ್ಕಿ ಅತ್ತಳು. ಮಾತ್ರೆ ನಿಂತ ಮೇಲೆ ದಿನ ಕಳೆದ ಹಾಗೆ ಇಳಿಯುತ್ತಾ ಬಂತು. ನಿಮ್ಮ ಇರುವೆ ದಾಟದ ಹುಡುಗ ಎಲ್ಲೂ ಹೋಗಿಲ್ಲ. ದಿನದ ಡೋಸ್ ಯಾವ ಹೊತ್ತಿಗೆ ಕೊಟ್ಟರೆ ನಿದ್ದೆಗೆ ಕಮ್ಮಿ ತೊಂದರೆ ಅಂತ ಡಾಕ್ಟರನ್ನು ಕೇಳಿ. ನೀವಾಗಿ ಡೋಸ್ ಕಡಿಮೆ ಮಾಡುವುದು, ಬಿಡುವುದು ಮಾತ್ರ ಬೇಡವೇ ಬೇಡ. ಸ್ಟಿರಾಯ್ಡ್ ತೆಗೆದುಕೊಳ್ಳುವಾಗ ಮೈ ತನಗೆ ಬೇಕಾದ ಸ್ಟಿರಾಯ್ಡನ್ನು ತಾನಾಗಿ ಮಾಡಿಕೊಳ್ಳುವುದನ್ನು ನಿಲ್ಲಿಸಿರುತ್ತದೆ, ಥಟ್ಟನೆ ಬಿಟ್ಟರೆ ಅಪಾಯ.

ಎರಡು, ಕಾಲು. ಇದನ್ನು ಓದಿದಾಗ ನಾನು ನಿಂತೆ. ರಾತ್ರಿ ಕೈ ತಾಗಿದರೆ ನಿದ್ದೆಯಲ್ಲೇ ಕಾಲು ಎಳೆದುಕೊಳ್ಳುತ್ತಾನೆ ಅಂದಿರಲ್ಲ. ನಿದ್ದೆಯಲ್ಲಿರುವ ಮಗುವಿಗೆ ಯಾರ ಮೇಲೆ ಮುನಿಸು? ವಿನ್‌ಕ್ರಿಸ್ಟಿನ್ ಅಂತ ಒಂದು ಔಷಧಿ ಕೊಡುತ್ತಿರುತ್ತಾರೆ. ಅದು ನರಗಳಿಗೆ ಪೆಟ್ಟು ಕೊಡುತ್ತದೆ, ಸೂಜಿ ಚುಚ್ಚುವ ರಕ್ತದ ನರ ಅಲ್ಲ, ಸ್ಪರ್ಶ ನೋವು ತಿಳಿಸುವ, ಮೈ ಆಡಿಸುವ ನರ. ಕಾಲು ಉರಿ, ದವಡೆ ನೋವು, ಮಲಬದ್ಧತೆ, ನಡೆಯುವಾಗ ಪಾದ ಎಳೆಯುವುದು. ಕೆಲವು ಮಕ್ಕಳಿಗೆ ಹೊದಿಕೆ ತಾಗಿದರೂ ನೋವು. ನಾಳೆ ರೌಂಡ್ಸಿಗೆ ಬಂದಾಗ ಇದೊಂದನ್ನು ಮರೆಯದೆ ಹೇಳಿ. ಅವನು ತಾನಾಗಿ ಹೇಳುವುದಿಲ್ಲ. ಐದು ವರ್ಷದ ಮಗುವಿಗೆ ಇಂಥ ನೋವನ್ನು ಏನೆಂದು ಹೇಳಬೇಕು ಅಂತ ಗೊತ್ತಿರುವುದಿಲ್ಲ.

ಮೂರನೆಯದು, ಒತ್ತಿ ಹಿಡಿಯುವುದು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮ ಮಗಳಿಗೆ ಬೇಗನೆ ಎದೆಯಲ್ಲಿ ಪೋರ್ಟ್, ಅಂದರೆ ಔಷಧಿ ಹಾಕಲು ಚರ್ಮದ ಕೆಳಗೆ ಇಡುವ ಪುಟ್ಟ ಸಾಧನ, ಕೂರಿಸಿದ್ದರಿಂದ ಆ ಕಷ್ಟ ಅಷ್ಟಾಗಿ ಬರಲಿಲ್ಲ.

ಬೆನ್ನಿನ ಇಂಜೆಕ್ಷನ್ ಬಗ್ಗೆ ಒಂದು ಮಾತು. ರಾತ್ರಿ ನಿದ್ದೆ ಬಾರದೆ ಇದನ್ನೆಲ್ಲ ಓದುತ್ತಿದ್ದವನು ನಾನು, ಸ್ವಲ್ಪ ಉದ್ದ ಆದರೆ ಬೈಯಬೇಡಿ. ರಕ್ತಕ್ಕೆ ಕೊಡುವ ಬಹುಪಾಲು ಔಷಧಿ ಮೆದುಳಿನ ಸುತ್ತ ಇರುವ ನೀರಿಗೆ ಸಾಕಷ್ಟು ತಲುಪುವುದಿಲ್ಲ. ಬೆನ್ನುಹುರಿಯ ಸುತ್ತಲೂ ಅದೇ ನೀರು, ಹಾಗಾಗಿ ಬೆನ್ನಿನಿಂದ ನೇರವಾಗಿ ಅದಕ್ಕೇ ಔಷಧಿ ಕೊಡುತ್ತಾರೆ. ಮೊದಲು ಹೀಗಾಗುತ್ತಿತ್ತಂತೆ: ರಕ್ತದಲ್ಲಿ ಕಾಯಿಲೆ ಕಾಣುವುದಿಲ್ಲ, ಮಗು ಆಡಿಕೊಂಡಿರುತ್ತದೆ, ಕೆಲವು ತಿಂಗಳು ಕಳೆದ ಮೇಲೆ ಮೆದುಳಿನ ಪೊರೆಯಲ್ಲಿ ಅಡಗಿದ್ದದ್ದು ಎದ್ದು ಬರುತ್ತದೆ. 1960ರ ದಶಕದಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಡೊನಾಲ್ಡ್ ಪಿಂಕೆಲ್ ಅನ್ನುವ ಡಾಕ್ಟರು ಮತ್ತು ಅವರ ತಂಡ, ಅಲ್ಲಿಗೂ ಬೇರೆಯಾಗಿ ಚಿಕಿತ್ಸೆ ಕೊಡಬೇಕು ಅಂತ ಹಟ ಹಿಡಿದು ಮಾಡಿದರು. ಆ ದಶಕ ಮುಗಿಯುವ ಹೊತ್ತಿಗೆ ಅವರ ಹತ್ತಿರ ಬಂದ ಮಕ್ಕಳಲ್ಲಿ ಹೆಚ್ಚುಕಮ್ಮಿ ಅರ್ಧ ಗುಣವಾಗತೊಡಗಿತು. ಅದಕ್ಕೂ ಮೊದಲು ಗುಣವಾದದ್ದೇ ಅಪರೂಪ. ಈಗ ಚಿಕಿತ್ಸೆ ಪೂರ್ತಿ ಸಿಗುವ ಕಡೆ 100ಕ್ಕೆ 90ರ ಹತ್ತಿರ ಮಕ್ಕಳು ಉಳಿಯುತ್ತಾರೆ. ಆ ಬೆನ್ನಿನ ಸೂಜಿ ನೋಡಿದಾಗ ನನಗೆ ಹೊಟ್ಟೆ ತೊಳಸುತ್ತಿತ್ತು. ಯಾಕೆ ಕೊಡುತ್ತಾರೆ ಅಂತ ಗೊತ್ತಾದ ಮೇಲೂ ತೊಳಸುವುದು ನಿಲ್ಲಲಿಲ್ಲ, ಆದರೆ ಬೇಡ ಅನ್ನಿಸುವುದು ನಿಂತಿತು.

ಶುಭ ಹಾರೈಕೆ:

ಧೈರ್ಯವಾಗಿರಿ ಮೇಡಂ. ಯಾವಾಗಲೂ ಪಾಸಿಟಿವ್ ಆಗಿ ಯೋಚಿಸಿ. ಚಿಕ್ಕ ಮಕ್ಕಳಿಗೆ ಏನೂ ನೆನಪಿರುವುದಿಲ್ಲ, ಎಲ್ಲ ಮರೆತುಹೋಗುತ್ತದೆ.

ರಿಟೈರ್ಡ್ ಸಿಸ್ಟರ್:

ಮಕ್ಕಳ ವಾರ್ಡಿನಲ್ಲೇ ನನ್ನ ಸರ್ವಿಸ್ ಎಲ್ಲ ಕಳೆದದ್ದು. ಮೇಲೆ ಬರೆದವರು ಬೇಜಾರು ಮಾಡಿಕೊಳ್ಳಬಾರದು, ಮಕ್ಕಳು ಮರೆಯುವುದಿಲ್ಲ. ಘಟನೆ ಮರೆತರೂ ಹೆದರಿಕೆ ಉಳಿಯುತ್ತದೆ. ಬಿಳಿ ಕೋಟು ಕಂಡರೆ ದೊಡ್ಡವರಾದ ಮೇಲೂ ಕೈ ಬೆವರುವವರನ್ನು ಬೇಕಾದಷ್ಟು ನೋಡಿದ್ದೇನೆ.

ನೋಡಿ ಅಮ್ಮ, ಒಳಗಿರಬೇಕಾ ಹೊರಗಿರಬೇಕಾ ಅಂತ ಕೇಳಿದಿರಿ. ಒಳಗಿರಿ. ಆದರೆ ಒತ್ತಿ ಹಿಡಿಯುವ ಕೆಲಸ ನಿಮ್ಮದಲ್ಲ. ಅವರು ಕೈ ಸಾಲದೆ ನಿಮ್ಮನ್ನು ಕರೆಯುತ್ತಾರೆ. ವಾರ್ಡಿನಲ್ಲಿ ಕೆಲಸದ ಒತ್ತಡ ಎಷ್ಟಿರುತ್ತದೆ ಅಂತ ನನಗೆ ಗೊತ್ತು, ಆ ಹುಡುಗಿಯರನ್ನು ಬೈಯುವುದಿಲ್ಲ. ಆದರೂ ಹೀಗೆ ಕೇಳಿ ನೋಡಿ: "ಸಿಸ್ಟರ್, ನಾನು ತೊಡೆ ಮೇಲೆ ಕೂರಿಸಿಕೊಂಡು ಹಿಡಿದುಕೊಳ್ಳಲಾ?"

ಮಗುವನ್ನು ಅಂಗಾತ ಮಲಗಿಸಿ ಒತ್ತಿದರೆ ಹೆದರಿಕೆ ಜಾಸ್ತಿಯಾಗುತ್ತದೆ. ಮಲಗಿಸಿದ ಕೂಡಲೇ ಒದೆಯಲು ಶುರು ಮಾಡುತ್ತಾರೆ, ಗಮನಿಸಿರುತ್ತೀರಿ. ಕುರ್ಚಿಯಲ್ಲಿ ನೀವು ಕೂತು, ಅವನನ್ನು ನಿಮ್ಮ ಎದೆಗೆ ಎದೆ ಕೊಟ್ಟು ತೊಡೆ ಮೇಲೆ ಕೂರಿಸಿಕೊಳ್ಳಿ. ಅವನ ಎರಡು ಕಾಲು ನಿಮ್ಮ ಸೊಂಟದ ಎರಡು ಪಕ್ಕ. ಗಲ್ಲ ನಿಮ್ಮ ಹೆಗಲ ಮೇಲೆ. ಚುಚ್ಚಬೇಕಾದ ಕೈ ನಿಮ್ಮ ಕಂಕುಳ ಕೆಳಗಿನಿಂದ ಹಿಂದಕ್ಕೆ, ಅಲ್ಲಿ ಸಿಸ್ಟರ್ ಕೂತು ಕೆಲಸ ಮಾಡುತ್ತಾರೆ. ಆ ಕೈಯನ್ನು ಅಲುಗಾಡದ ಹಾಗೆ ಹಿಡಿಯುವುದು ಅವರಲ್ಲೇ ಒಬ್ಬರ ಕೆಲಸ. ನಿಮ್ಮ ಎರಡು ಕೈ ಅವನ ಬೆನ್ನ ಮೇಲೆ. ಆಗಲೂ ನೀವು ಬಿಗಿಯಾಗೇ ಹಿಡಿದಿರುತ್ತೀರಿ, ಆದರೆ ಅದು ತಬ್ಬಿಕೊಂಡದ್ದು. ಅವನು ಅಳುತ್ತಾನೆ. ಅಳಲಿ. ಅಳು ನಿಲ್ಲಿಸುವುದಕ್ಕೆ ಇದನ್ನು ಮಾಡುತ್ತಿಲ್ಲ.

ಮರಗಟ್ಟಿಸುವ ಕ್ರೀಮ್ ಇದೆ, ಲಿಡೋಕೇನ್ ಮತ್ತು ಪ್ರೈಲೋಕೇನ್ ಸೇರಿದ್ದು. ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ. ಚುಚ್ಚುವುದಕ್ಕೆ ಕಮ್ಮಿ ಅಂದರೆ 60 ನಿಮಿಷ ಮೊದಲು ಹಚ್ಚಿ ಮೇಲೆ ಪ್ಲಾಸ್ಟಿಕ್ ಮುಚ್ಚಬೇಕು. ಗಾಯ ಆದ ಜಾಗಕ್ಕೆ ಬೇಡ. ಹಚ್ಚಿ ಹತ್ತು ನಿಮಿಷಕ್ಕೇ ಚುಚ್ಚಿ, ಕ್ರೀಮ್ ಕೆಲಸ ಮಾಡಲಿಲ್ಲ ಅನ್ನುವವರೇ ಜಾಸ್ತಿ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಈ ಕ್ರೀಮ್ ಹಚ್ಚಿದ ಕಡೆ ನರ ಸ್ವಲ್ಪ ಸಂಕುಚಿಸುತ್ತದೆ. ಇವನಿಗೆ ನರ ಸಿಗುವುದೇ ಕಷ್ಟ ಅಂದಿರಿ. ಒರೆಸಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು, ಕೈಯನ್ನು ನಿಮ್ಮ ಅಂಗೈಯೊಳಗೆ ಇಟ್ಟು ಬೆಚ್ಚಗೆ ಮಾಡಿ.

ಎರಡು ಸಲ ಚುಚ್ಚಿಯೂ ಸಿಗಲಿಲ್ಲ ಅಂದರೆ ಕೈ ಬದಲಾಗಲಿ, ಅಂದರೆ ಚುಚ್ಚುವವರ ಕೈ. ಹಾಗೆ ಕೇಳುವ ಹಕ್ಕು ನಿಮಗಿದೆ. ಮುಂದಕ್ಕೆ ವರ್ಷಗಟ್ಟಲೆ ಚಿಕಿತ್ಸೆ ಇರುವ ಮಗುವಿಗೆ ಪಿಕ್ ಲೈನ್ (ತೋಳಿನಿಂದ ದೊಡ್ಡ ರಕ್ತನಾಳದವರೆಗೆ ಹೋಗುವ ಉದ್ದ ಕೊಳವೆ) ಅಥವಾ ಪೋರ್ಟ್ ಯಾವಾಗ ಹಾಕುತ್ತೀರಿ ಅಂತಲೂ ಕೇಳಿ. ಕೆಲವೊಮ್ಮೆ ರಕ್ತದ ಕೌಂಟ್, ಅಂದರೆ ರಕ್ತಕಣಗಳ ಎಣಿಕೆ, ನೋಡಿಕೊಂಡು ತಡ ಮಾಡುತ್ತಾರೆ, ಅದಕ್ಕೆ ಕಾರಣ ಇರುತ್ತದೆ.

ಸಾಧ್ಯವಾದರೆ ಅವನ ಬೆಡ್ಡಿನ ಮೇಲೆ ಚುಚ್ಚುವುದು ಬೇಡ. ಪ್ರೊಸೀಜರ್ ರೂಮ್ ಇದ್ದರೆ ಅಲ್ಲಿಗೆ ಕರೆದುಕೊಂಡು ಹೋಗಲಿ. ಬೆಡ್ ಅವನು ನಿದ್ದೆ ಮಾಡುವ ಜಾಗ.

ನಿಜ ಹೇಳಬೇಕಾ ಅಂದರೆ, ಹೇಳಲೇಬೇಕು. ಐದು ವರ್ಷದ ಮಗುವಿಗೆ ಮೂರು ದಿನ ಮೊದಲೇ ಹೇಳಿದರೆ ಮೂರು ದಿನವೂ ಹೆದರುತ್ತದೆ. ಹಿಂದಿನ ದಿನ ಸಂಜೆ ಅಥವಾ ಅವತ್ತು ಬೆಳಿಗ್ಗೆ ಸಾಕು. ಮಾತು ಕಮ್ಮಿ ಇರಲಿ. "ಬೆನ್ನಿಗೆ ಔಷಧಿ ಕೊಡುತ್ತಾರೆ. ನೋವಾಗಬಹುದು. ನಾನು ಎಲ್ಲಿವರೆಗೆ ಬರಬಹುದೋ ಅಲ್ಲಿವರೆಗೆ ಬರುತ್ತೇನೆ." ಇಷ್ಟೇ. ಬೆನ್ನಿನದ್ದನ್ನು ನಿದ್ದೆ ಬರಿಸಿ ಮಾಡುವ ಆಸ್ಪತ್ರೆಗಳು ಎಷ್ಟೋ ಇವೆ, ನಿಮ್ಮಲ್ಲಿ ಹೇಗೆ ಅಂತ ಮೊದಲೇ ಕೇಳಿಕೊಂಡು ಅದನ್ನೂ ಹೇಳಿ. "ನೋವೇ ಆಗಲ್ಲ" ಬೇಡ, "ಇದೇ ಕೊನೆ" ಬೇಡ. ಫೋನಿನಲ್ಲಿ ಹೇಳುವವರಿಗೂ ಗಟ್ಟಿಯಾಗಿ ಹೇಳಿಬಿಡಿ.

ಅವನ ಕೈಯಲ್ಲಿ ಏನಾದರೂ ಇರಲಿ. ಚುಚ್ಚಲಾ ಬೇಡವಾ ಅಂತ ಕೇಳಬೇಡಿ, ಅದು ಅವನ ಆಯ್ಕೆ ಅಲ್ಲ. ಎಡಗೈಯಾ ಬಲಗೈಯಾ, ನೋಡುತ್ತೀಯಾ ಆ ಕಡೆ ತಿರುಗುತ್ತೀಯಾ, ಇದು ಅವನದ್ದು. ಚುಚ್ಚುವ ಹೊತ್ತಲ್ಲಿ ರೂಮಿನಲ್ಲಿ ಒಬ್ಬರ ದನಿ ಮಾತ್ರ ಇರಲಿ, ನಿಮ್ಮದು. ನಾಲ್ಕು ಜನ ಒಟ್ಟಿಗೆ "ಆಯ್ತು ಆಯ್ತು, ಜಾಣ ಅಲ್ವಾ" ಅಂದರೆ ದೊಡ್ಡವರಿಗೇ ತಲೆ ಕೆಡುತ್ತದೆ.

ಮುಖ ತಿರುಗಿಸುವುದರ ಬಗ್ಗೆ. ಹಿಂದೆ ಆಸ್ಪತ್ರೆಗಳಲ್ಲಿ ಅಪ್ಪ ಅಮ್ಮನನ್ನು ಒಳಗೆ ಬಿಡುತ್ತಲೇ ಇರಲಿಲ್ಲ, ವಾರಕ್ಕೆ ಇಷ್ಟು ಗಂಟೆ ಅಂತ ಇತ್ತು. ಬಂದರೆ ಮಗು ಅಳುತ್ತದೆ, ಬಾರದಿದ್ದರೆ ಸುಮ್ಮನಿರುತ್ತದೆ, ಹಾಗಾಗಿ ಬಾರದಿರುವುದೇ ಒಳ್ಳೆಯದು ಅನ್ನುವ ಲೆಕ್ಕ. 1950ರ ದಶಕದಲ್ಲಿ ಲಂಡನ್ನಿನ ಜೇಮ್ಸ್ ರಾಬರ್ಟ್‌ಸನ್ ಅನ್ನುವವರು ಆಸ್ಪತ್ರೆಯಲ್ಲಿ ಒಂಟಿಯಾದ ಮಕ್ಕಳನ್ನು ಕೂತು ಗಮನಿಸಿ ಬರೆದರು, ಚಿತ್ರೀಕರಿಸಿದರು. ಮೊದಲು ಅಳು, ಪ್ರತಿಭಟನೆ. ಆಮೇಲೆ ಮಂಕು. ಕೊನೆಗೆ ಅಮ್ಮ ಬಂದರೂ ಗುರುತೇ ಇಲ್ಲದವರ ಹಾಗೆ ಮುಖ ತಿರುಗಿಸುವುದು. ವಾರ್ಡಿನವರು ಅದನ್ನು 'ಮಗು ಹೊಂದಿಕೊಂಡಿತು' ಅಂದುಕೊಂಡಿದ್ದರು. 1959ರಲ್ಲಿ ಬ್ರಿಟನ್ನಿನ ಪ್ಲಾಟ್ ಸಮಿತಿ, ಪೋಷಕರನ್ನು ಹೊತ್ತಿನ ಕಟ್ಟಿಲ್ಲದೆ ಒಳಗೆ ಬಿಡಿ ಅಂತ ಶಿಫಾರಸು ಮಾಡಿತು. ನಿಮ್ಮ ಮಗ ಒಂಟಿಯಾಗಿಲ್ಲ, ಅವನದ್ದು ಆ ಮಕ್ಕಳಷ್ಟು ದೂರ ಹೋಗಿಲ್ಲ. ಲೋಟ ಎಸೆಯುತ್ತಿದ್ದಾನಲ್ಲ, ಅದು ನನಗೆ ಒಳ್ಳೆಯದೇ ಅನ್ನಿಸುತ್ತದೆ. ಮಂಕಾಗಿ ಎಲ್ಲದಕ್ಕೂ ಹೂಂ ಅನ್ನುವ ಮಗುವನ್ನು ಕಂಡರೆ ನನಗೆ ಜಾಸ್ತಿ ಭಯ.

ಸೂಜಿ ಇಲ್ಲದ ಸಿರಿಂಜ್ ಒಂದು ಕೇಳಿ ತೆಗೆದುಕೊಳ್ಳಿ. ಬೊಂಬೆಗೋ ನಿಮಗೋ ಚುಚ್ಚಿ ಆಡಲಿ. ತಡೆಯಬೇಡಿ, ಸುಮ್ನೆ ನೋಡಿ.

ಅಮ್ಮನ ಹಿಂದೆ ಬಚ್ಚಿಟ್ಟುಕೊಂಡವಳು:

ನನಗೆ ಇದೇ ಕಾಯಿಲೆ ಬಂದಾಗ ಆರು ವರ್ಷ. ಈಗ ಕೆಲಸಕ್ಕೆ ಹೋಗುತ್ತಿದ್ದೇನೆ. ವರ್ಷಕ್ಕೊಮ್ಮೆ ಚೆಕಪ್, ಆಗಾಗ ಹೃದಯದ ಎಕೋ. ಆಗ ಕೊಟ್ಟ ಕೆಂಪು ಬಣ್ಣದ ಔಷಧಿ, ಉಚ್ಚೆ ಕೂಡ ಕೆಂಪಗಾಗುತ್ತದಲ್ಲ ಅದು, ಹೃದಯಕ್ಕೆ ಕೆಲವೊಮ್ಮೆ ತೊಂದರೆ ಕೊಡಬಹುದು ಅಂತ ನೋಡುತ್ತಿರುತ್ತಾರೆ. ಇದುವರೆಗೆ ಏನಿಲ್ಲ.

ನಾನೂ ಅಮ್ಮನ ಜತೆ ಮಾತು ಬಿಟ್ಟಿದ್ದೆ. ಯಾಕೆ ಅಂತ ನನಗೆ ಚೆನ್ನಾಗಿ ನೆನಪಿದೆ. ಸಿಸ್ಟರ್ ಮೇಲೆ ಸಿಟ್ಟು ಮಾಡಿದರೆ ಅವರು ಇನ್ನೂ ಜೋರಾಗಿ ಚುಚ್ಚುತ್ತಾರೆ ಅನ್ನುವ ಭಯ. ಡಾಕ್ಟರ ಮೇಲೆ ಮಾಡಿದರೆ ಮನೆಗೆ ಕಳಿಸುವುದಿಲ್ಲ. ಅಪ್ಪನ ಮೇಲೆ ಮಾಡಿದರೆ ನಾಳೆ ಬರದಿದ್ದರೆ? ಅಮ್ಮ ಏನು ಮಾಡಿದರೂ ಹೋಗುವುದಿಲ್ಲ. ಹಾಗಾಗಿ ಎಲ್ಲರ ಪಾಲಿನ ಸಿಟ್ಟೂ ಅವಳಿಗೆ. ಆರು ವರ್ಷಕ್ಕೆ ಇಷ್ಟೆಲ್ಲ ಲೆಕ್ಕ ಹಾಕುತ್ತಾರಾ ಅಂತ ನಮ್ಮ ಮನೆಯಲ್ಲಿ ನಗುತ್ತಾರೆ. ಹಾಕುತ್ತಾರೆ.

ನಿಮ್ಮ ಮಗ ಅಪ್ಪನನ್ನು ಕರೆಯುವುದರ ಬಗ್ಗೆ ನನಗೆ ಅನ್ನಿಸಿದ್ದು ಹೇಳುತ್ತೇನೆ, ತಪ್ಪಿರಲೂಬಹುದು. ಅಪ್ಪ ಅಲ್ಲಿಲ್ಲ ಅಂತ ಗೊತ್ತಿದ್ದೇ ಕರೆಯುತ್ತಿದ್ದಾನೆ. ಬಾರದವರನ್ನು ಕರೆದರೆ ಬರಲಿಲ್ಲ ಅಂತ ಬೇಜಾರಿಲ್ಲ.

ನೀವು ಅಳುವುದಾದರೆ ಅವನ ಎದುರು ಅತ್ತರೂ ಪರವಾಗಿಲ್ಲ. ನಮ್ಮಮ್ಮ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅಳುತ್ತಿದ್ದಳು, ಮುಖ ತೊಳೆದು ನಗುತ್ತಾ ಬರುತ್ತಿದ್ದಳು. ನಲ್ಲಿ ಸದ್ದು ಕೇಳಿದರೆ ನಾನು ಸಾಯುತ್ತೇನೆ ಅಂತಲೇ ತಿಳಿದುಕೊಂಡಿದ್ದೆ. ಯಾರನ್ನೂ ಕೇಳಲಿಲ್ಲ. ಯಾರೂ ಹೇಳಲೂ ಇಲ್ಲ.

ಕಿಟಕಿ ಪಕ್ಕದ ಬೆಡ್:

ಎಲ್ಲರಿಗೂ ಉತ್ತರ ಬರೆಯಲು ತಡವಾಯಿತು. ಬೆನ್ನಿನ ಇಂಜೆಕ್ಷನ್ ಆಯಿತು. ಹಿಂದಿನ ಸಂಜೆ ಹೇಳಿದೆ, ಸಿಸ್ಟರ್ ಹೇಳಿಕೊಟ್ಟ ಮಾತೇ. "ಇನ್ನು ಇಲ್ಲ ಅಂತ ಫೋನಲ್ಲಿ ಹೇಳಿದ್ರಲ್ಲ" ಅಂದ. "ಅವರಿಗೆ ಗೊತ್ತಿಲ್ಲ, ನನಗೆ ಗೊತ್ತು" ಅಂದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. ನಿದ್ದೆ ಬರಿಸಿ ಮಾಡಿದರು. ನಿದ್ದೆ ಹತ್ತುವವರೆಗೆ ನಾನು ಒಳಗಿದ್ದೆ.

ಮಾತ್ರೆ ಡಬ್ಬಿ ಅಪ್ಪ ಅವರೇ, ಕಾಲಿನ ವಿಷಯ ರೌಂಡ್ಸಿನಲ್ಲಿ ಹೇಳಿದೆ. ಡಾಕ್ಟರು ಪಾದ ಮುಟ್ಟಿ, ಮಂಡಿ ತಟ್ಟಿ, ಹಿಮ್ಮಡಿ ಮೇಲೆ ನಡೆಸಿ ನೋಡಿದರು. ಹಿಮ್ಮಡಿ ಮೇಲೆ ನಿಲ್ಲಲು ಅವನಿಗೆ ಆಗಲಿಲ್ಲ. ವಿನ್‌ಕ್ರಿಸ್ಟಿನ್‌ದೇ ಅಂದರು. ನರದ ನೋವಿಗೆ ಬೇರೆ ಔಷಧಿ ಶುರು ಮಾಡಿದ್ದಾರೆ, ಫಿಸಿಯೋಥೆರಪಿಯವರೂ ಬರುತ್ತಾರೆ. ಇಷ್ಟು ದಿನ ನನ್ನ ಮೇಲಿನ ಮುನಿಸು ಅಂದುಕೊಂಡದ್ದರಲ್ಲಿ ಇದೂ ಸೇರಿಕೊಂಡಿತ್ತು. ಖುಷಿಪಡಬೇಕೋ ಏನೋ, ಗೊತ್ತಾಗುತ್ತಿಲ್ಲ. ಒಂಥರಾ ಹಗುರ ಆಗಿದ್ದಂತೂ ನಿಜ.

ತೊಡೆ ಮೇಲೆ ಕೂರಿಸಿಕೊಳ್ಳುವುದನ್ನು ಕೇಳಿದೆ. ಚಿಕ್ಕ ಸಿಸ್ಟರ್ "ಇಲ್ಲಿ ಹಾಗೆ ಮಾಡಲ್ಲ ಅಮ್ಮಾ" ಅಂದರು. ದೊಡ್ಡ ಸಿಸ್ಟರ್ "ನೋಡೋಣ, ಸಿಕ್ಕರೆ ಸಿಗಲಿ" ಅಂದರು. ಎದೆಗೆ ಒರಗಿಸಿಕೊಂಡೆ. ಮೊದಲಿನಷ್ಟೇ ಕಿರುಚಿದ, ಏನೂ ಕಮ್ಮಿಯಾಗಲಿಲ್ಲ. ಮೊದಲ ಸಲ ನರ ಜಾರಿತು. ಎರಡನೇ ಸಲ ದೊಡ್ಡ ಸಿಸ್ಟರಿಗೆ ಸಿಕ್ಕಿತು. ಆ ಹೊತ್ತಿಗೆ ನನ್ನ ಹೆಗಲನ್ನು ಕಚ್ಚಿ ಹಿಡಿದಿದ್ದ. ಟೇಪ್ ಸುತ್ತಿ, ಅವರು ಟ್ರೇ ಎತ್ತಿಕೊಂಡು ಹೋದರೂ ಬಿಡಲಿಲ್ಲ. ಹಲ್ಲು ಊರಿದ ಹಾಗೆಯೇ ಬಿಕ್ಕುತ್ತಿದ್ದ. ನಾನೂ ಏಳಲಿಲ್ಲ.

ಸಿಸ್ಟರ್, ಒಂದು ವಿಷಯ ಕೇಳಬೇಕು. ಸಿರಿಂಜ್ ಕೊಟ್ಟೆ. ಸಂಜೆ ಅಪ್ಪ ಬಂದಾಗ ಅಪ್ಪನಿಗೆ ಚುಚ್ಚುವ ಆಟ. ಅವರನ್ನು ಬೆಡ್ಡಿನ ಮೇಲೆ ಅಂಗಾತ ಮಲಗಿಸಿದ. ಆಮೇಲೆ ನನ್ನನ್ನು ಕರೆದು, "ನೀನು ಭುಜ ಒತ್ತಿ ಹಿಡ್ಕೋ. ಕಾಲು ನೋಡು, ಒದೀತಿದಾನೆ" ಅಂದ. ಅದೇ ಮಾತು, ಅದೇ ದನಿ. ಹಿಡಿದೆ. ಅಪ್ಪ ಸುಳ್ಳು ಸುಳ್ಳೇ ಕಿರುಚಬೇಕು. ಸಣ್ಣಗೆ ಕಿರುಚಿದರೆ "ಇನ್ನೂ ಜೋರಾಗಿ" ಅನ್ನುತ್ತಾನೆ. ಈಗ ದಿನಾ ಅದೇ ಆಟ. ಇದು ಸರೀನಾ? ನನ್ನ ಯಜಮಾನರಿಗೆ ಕಸಿವಿಸಿ, ನಿಲ್ಲಿಸೋಣ ಅನ್ನುತ್ತಿದ್ದಾರೆ.

ಕೌಂಟ್ ಏರಿದರೆ ಬರುವ ವಾರ ಕೆಲವು ದಿನಕ್ಕೆ ಮನೆಗೆ ಕಳಿಸುತ್ತಾರಂತೆ. ಜ್ವರ ಬಂದರೆ ಬನ್ನಿ ಅಂದಿದ್ದಾರೆ. ಎಷ್ಟು ಜ್ವರ, ಎಷ್ಟು ಬೇಗ, ಅದು ತಲೆಗೆ ಹೋಗಲೇ ಇಲ್ಲ.

ರಿಟೈರ್ಡ್ ಸಿಸ್ಟರ್:

ಆಟ ನಿಲ್ಲಿಸಬೇಡಿ ಅಮ್ಮ. ನಿಮ್ಮ ಯಜಮಾನರಿಗೆ ಜೋರಾಗಿ ಕಿರುಚಲು ಹೇಳಿ. ಅವನಿಗೆ ಸಾಕು ಅನ್ನಿಸಿದಾಗ ಆಟ ತಾನಾಗಿ ಬದಲಾಗುತ್ತದೆ. ನಿಮಗೆ ಒಳಗೊಳಗೇ ಚುಚ್ಚಿದ ಹಾಗಾದರೆ ಆಗಲಿ, ಮುಖದಲ್ಲಿ ತೋರಿಸಿಕೊಳ್ಳದೆ ಭುಜ ಹಿಡಿಯಿರಿ. ಕೊನೆಗೆ ಅಪ್ಪನನ್ನು ತಬ್ಬಿ ಸಮಾಧಾನ ಮಾಡುವ ಕೆಲಸ ಯಾರು ಮಾಡುತ್ತಾರೆ ಅಂತ ಅವನನ್ನೇ ಕೇಳಿ ನೋಡಿ. ಬೆಡ್ಡಿನ ಮೇಲೆ ಕುಣಿದು ಕ್ಯಾನುಲಾ ಕಿತ್ತುಕೊಳ್ಳದ ಹಾಗೆ ನೋಡಿಕೊಂಡರೆ ಆಯಿತು.

ಜ್ವರದ ವಿಷಯ ಗಮನ ಕೊಟ್ಟು ಓದಿ. ನಿಮ್ಮ ಡಾಕ್ಟರು ಕೊಟ್ಟ ಹಾಳೆಯಲ್ಲಿ ಬೇರೆ ಅಂಕಿ ಇದ್ದರೆ ಅದೇ ನಿಮಗೆ ಅಂತಿಮ. ಸಾಮಾನ್ಯವಾಗಿ 38 ಡಿಗ್ರಿ ಸೆಲ್ಸಿಯಸ್, ಅಂದರೆ ಫ್ಯಾರನ್‌ಹೀಟ್‌ನಲ್ಲಿ 100.4 ಮುಟ್ಟಿತು ಅಂದರೆ ಆಸ್ಪತ್ರೆಗೆ ಫೋನ್ ಮಾಡಿ ಹೊರಡಬೇಕು. ರಾತ್ರಿ ಎರಡು ಗಂಟೆಯಾದರೂ ಅಷ್ಟೇ. ಬೆಳಗಾಗಲಿ ಅಂತ ಕಾಯಬಾರದು. ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣ 500ಕ್ಕಿಂತ ಕೆಳಗಿರುವಾಗ ಸೋಂಕಿನ ಜತೆ ಹೋರಾಡಲು ಮೈಯಲ್ಲಿ ಸೈನ್ಯವೇ ಇರುವುದಿಲ್ಲ, ಕೆಲವೇ ಗಂಟೆಯಲ್ಲಿ ಬಿಗಡಾಯಿಸಬಹುದು. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಒಳಗೆ ಹೋಗಬೇಕು ಅನ್ನುವುದು ನಮ್ಮ ಕೆಲಸದ ಗುರಿ. ಸರದಿಯಲ್ಲಿ ಕೂರಿಸಿದರೆ ಸುಮ್ನೆ ಕೂರಬೇಡಿ. "ಕೀಮೋ ಮಗು, ಜ್ವರ ಇದೆ" ಅಂತ ಕೌಂಟರಿನಲ್ಲಿ ಗಟ್ಟಿಯಾಗಿ ಹೇಳಿ.

ಹೊರಡುವ ಮೊದಲು ಕೇಳದೆ ಪ್ಯಾರಾಸಿಟಮಾಲ್ ಕೊಡಬೇಡಿ, ಜ್ವರ ಮುಚ್ಚಿಹೋಗುತ್ತದೆ. ಐಬುಪ್ರೊಫೇನ್, ಆಸ್ಪಿರಿನ್ ಅಂತೂ ಬೇಡವೇ ಬೇಡ, ಪ್ಲೇಟ್‌ಲೆಟ್ ಕಮ್ಮಿ ಇರುವವರಿಗೆ ರಕ್ತಸ್ರಾವದ ಭಯ. ಥರ್ಮಾಮೀಟರ್ ಕಂಕುಳಲ್ಲಿ ಇಡಿ, ಗುದದಲ್ಲಿ ಇಡಬಾರದು. ಸ್ಟಿರಾಯ್ಡ್ ಇರುವ ಮಗುವಿಗೆ ಸೋಂಕಿದ್ದರೂ ಜ್ವರ ಏರದೇ ಇರಬಹುದು. ಚಳಿ ನಡುಕ, ವಿಪರೀತ ಸುಸ್ತು, ಕೈಕಾಲು ತಣ್ಣಗೆ, ಉಸಿರು ಜೋರು, ಇಷ್ಟರಲ್ಲಿ ಒಂದು ಕಂಡರೂ ಥರ್ಮಾಮೀಟರ್ ಏನೇ ಹೇಳಲಿ, ಹೊರಡಿ.

ಮನೆಗೆ ಬಂದುಹೋಗುವ ಮಕ್ಕಳಲ್ಲಿ ಯಾರಿಗಾದರೂ ಸೀತಾಳೆ ಸಿಡುಬು ಅಂತ ಗೊತ್ತಾದರೆ, ಇವನ ಮೈಮೇಲೆ ಏನೂ ಏಳದಿದ್ದರೂ ಅವತ್ತೇ ಫೋನ್ ಮಾಡಬೇಕು. ಕೂಡಲೇ ಕೊಟ್ಟರೆ ತಡೆಯುವ ಚಿಕಿತ್ಸೆ ಇದೆ.

ಮಾತ್ರೆ ಡಬ್ಬಿ ಅಪ್ಪ:

ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಾವು ಒಂದು ಚೀಲ ಬಾಗಿಲ ಹತ್ತಿರ ಯಾವಾಗಲೂ ಕಟ್ಟಿಟ್ಟಿರುತ್ತೇವೆ. ಫೈಲ್, ಕೊನೆಯ ರಕ್ತದ ರಿಪೋರ್ಟ್, ಈಗ ನಡೆಯುತ್ತಿರುವ ಔಷಧಿಗಳ ಪಟ್ಟಿ, ಫೋನ್ ಚಾರ್ಜರ್, ಅವಳಿಗೊಂದು ಜತೆ ಬಟ್ಟೆ, ನಮಗೊಂದು ಜತೆ. ವಾರ್ಡಿನ ನಂಬರ್ ಫೈಲಿನ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದೇವೆ. ಅಪ್ಪ, ಅಮ್ಮ ಇಬ್ಬರೂ ಗಾಬರಿಯಲ್ಲಿದ್ದರೂ ಪಕ್ಕದ ಮನೆಯವರು ಓದಿ ಫೋನ್ ಮಾಡುವ ಹಾಗಿರಬೇಕು. ಆ ಚೀಲ ಕಂಡರೆ ಮಗು ಹೆದರುತ್ತದೆ ಅಂತ ನಾನು ಅದನ್ನು ಮಂಚದ ಕೆಳಗೆ ತಳ್ಳಿದ್ದೆ. ಅವಳೇ ಎಳೆದು ತಂದು, ತನ್ನ ಬಣ್ಣದ ಪೆನ್ಸಿಲ್ ಡಬ್ಬಿಯನ್ನೂ ಒಳಗೆ ತುರುಕಿ, ಮತ್ತೆ ಬಾಗಿಲ ಹತ್ತಿರವೇ ಇಟ್ಟಳು. ನಿಮ್ಮವನನ್ನೂ ಕೇಳಿ, ಅದರಲ್ಲಿ ಏನು ಹಾಕಬೇಕು ಅಂತ.